ಅಪ್‌ಡೇಟ್: ಬಾರ್ಬಡೋಸ್‌ನಲ್ಲಿ ಮನೆ ಮಾಡೋ ವಿಚಾರ

ರಜೆ ಬಂದರೆ ಸಾಕು ಬಾರ್ಬಡೋಸ್‌ಗೆ ಓಡುತ್ತೇವೆ, ಅಲ್ಲೇ ನೆಲೆಸಬಹುದಾ ಎಂದು ಕೇಳಿದ್ದೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಇಬ್ಬರದ್ದೂ ಲ್ಯಾಪ್‌ಟಾಪ್ ಕೆಲಸ. "ಹೋಟೆಲ್ ಬಿಟ್ಟು ಬಾಡಿಗೆ ಮನೆಯಲ್ಲಿದ್ದು ನೋಡಿ" ಎಂದಿರಲ್ಲ, ಹಾಗೇ ಮಾಡಿದೆವು. ಆಯಿಸ್ಟಿನ್ಸ್ ಎಂಬ ಊರಿನ ಹತ್ತಿರ ಮನೆ ಸಿಕ್ಕಿತು.

ಮೊದಲ ಏಟು ದಿನಸಿಯದ್ದು. ಊಟದ ಸಾಮಾನು ಬಹುಪಾಲು ಹೊರದೇಶದಿಂದಲೇ ಬರಬೇಕು. ಅಲ್ಲಿನ ಎರಡು ಡಾಲರ್‌ಗೆ ಅಮೆರಿಕದ ಒಂದು, ಸರಿ. ಬಿಲ್ಲನ್ನು ಅರ್ಧ ಮಾಡಿ ನೋಡಿದರೂ ಜಾಸ್ತಿಯೇ! ಎಸಿ ಹಾಕಿದರಂತೂ ಕರೆಂಟ್ ಬಿಲ್ ಕೇಳಬೇಡಿ.

ಓಡಾಟ ಮಾತ್ರ ಸಲೀಸು. ಜೆಡ್‌ಆರ್ ವ್ಯಾನ್ (ಅಲ್ಲಿನ ಖಾಸಗಿ ಮಿನಿಬಸ್) ಹತ್ತಿದರೆ 3.50 ಬಾರ್ಬಡೋಸ್ ಡಾಲರ್. ಕಿವಿ ಗುಂಯ್‌ಗುಡುವ ಹಾಡು, ತೊಡೆಗೆ ತೊಡೆ ತಾಗುವ ಸೀಟು, ಆದರೂ ಕಂಡಕ್ಟರ್ "ಇನ್ನೊಬ್ಬರು ಕೂರಬಹುದು" ಎನ್ನುತ್ತಾನೆ. ಹತ್ತಿದವರೆಲ್ಲ ಗುಡ್ ಮಾರ್ನಿಂಗ್ ಹೇಳುತ್ತಾರೆ. ಸುಮ್ನೆ ಕೂತರೆ ಚೆನ್ನಾಗಿರಲ್ಲ. ಇನ್ನು ಊಟಕ್ಕೆ ಬಂದರೆ, ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತಿರುವುವ ಕೂಕೂ, ಮೇಲೆ ಮೀನಿನ ಗ್ರೇವಿ. ನಮ್ಮ ಮುದ್ದೆ-ಸಾರಿನ ಥರವೇ. ನಮ್ಮವರು ಅದಕ್ಕೇ ಸೋತರು.

ವೀಸಾ ಕೇಳಿದವರಿಗೆ: ಹೊರದೇಶದ ಕೆಲಸವನ್ನು ಅಲ್ಲಿ ಕೂತು ಮಾಡುವವರಿಗೆಂದು 2020ರಲ್ಲಿ ಶುರುವಾದ ವೆಲ್ಕಮ್ ಸ್ಟ್ಯಾಂಪ್ ವೀಸಾ 12 ತಿಂಗಳದ್ದು. ವರ್ಷಕ್ಕೆ 50,000 ಅಮೆರಿಕನ್ ಡಾಲರ್ ಆದಾಯ ಬೇಕು. ಶುಲ್ಕ ಒಬ್ಬರಿಗೆ 2,000, ಕುಟುಂಬಕ್ಕೆ 3,000. ಅಲ್ಲಿನ ಕಂಪನಿಗೆ ದುಡಿಯುವಂತಿಲ್ಲ.

ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. ಅದು ಕಳೆದ ಮೇಲೆ ಅರ್ಜಿ ಹಾಕುತ್ತೇವೆ. ಮನೆ ಕೊಳ್ಳುವ ಮಾತು ಸದ್ಯಕ್ಕಿಲ್ಲ. ಅತ್ತೆಯವರಿಗೆ ಇನ್ನೂ ಹೇಳಿಲ್ಲ.