ರಸ್ತೆಯ ಗುಂಡಿ, ಸ್ಟೀರಿಂಗಿನ ಗುಂಡಿ

ಪ್ರಶ್ನೆ: ಸ್ಟೀರಿಂಗ್ ವೀಲ್‌ಗೆ ಟಚ್ ಪ್ಯಾಡ್ ಮಾದರಿ ತಯಾರಿಸುತ್ತಿದ್ದೇವೆ. ಮೇಲೆ ಸ್ಪರ್ಶ ಗುರುತಿಸುವ ಕೆಪ್ಯಾಸಿಟಿವ್ ಸೆನ್ಸರ್, ಕೆಳಗೆ ಕಂಪನ ಹುಟ್ಟಿಸುವ ಎಲ್‌ಆರ್‌ಎ ಮೋಟರ್. ಯೂ-ಟರ್ನ್‌ನಲ್ಲಿ ಅಂಗೈ ತಾಗಿ ವಾಲ್ಯೂಮ್ ಏರುತ್ತದೆ. ಜೊತೆಗೆ, ಒತ್ತಿದರೆ ‘ಟಕ್’ ಅನ್ನುವ ಬದಲು ಮೊಬೈಲಿನಂತೆ ‘ಗುಂಯ್’ ಅನ್ನುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ಅಂಗೈ ಸಮಸ್ಯೆಯನ್ನು ಸಾಫ್ಟ್‌ವೇರ್ ಫಿಲ್ಟರಿನಿಂದ ಮುಚ್ಚಲು ಹೋಗಬೇಡಿ. ಬೆರಳು ಎಲ್ಲಿದೆ ಎಂದಷ್ಟೇ ಕೆಪ್ಯಾಸಿಟಿವ್ ಸೆನ್ಸರ್ ಹೇಳಲಿ. ಒತ್ತಿದ್ದು ಹೌದೋ ಅಲ್ಲವೋ ಎಂಬ ತೀರ್ಪು ಬಲ ಅಳೆಯುವ ಸೆನ್ಸರಿನದು. ಬೆವರು, ಮಳೆನೀರಿನ ಕಾಟವೂ ಅರ್ಧ ಇದರಲ್ಲೇ ತೀರುತ್ತದೆ. ಇಷ್ಟಾದರೂ ಅಂಗೈ ಊರಿಕೊಂಡರೆ ಬಲ ಮಿತಿ ದಾಟುತ್ತದೆ. ಹಾಗಾಗಿ ಸ್ಪರ್ಶದ ವಿಸ್ತೀರ್ಣ ಬೆರಳಿಗಿಂತ ದೊಡ್ಡದಿದ್ದರೆ ತಿರಸ್ಕರಿಸಿ, ಸ್ಟೀರಿಂಗ್ ಹೆಚ್ಚು ತಿರುಗಿರುವಾಗ ಮಿತಿಯನ್ನು ಏರಿಸಿ.

‘ಗುಂಯ್’ಗೆ ಕಾರಣ ಬೇರೆ. ಎಲ್‌ಆರ್‌ಎ ಒಂದು ಸ್ಪ್ರಿಂಗು, ಒಂದು ತೂಕ. ವಿದ್ಯುತ್ ನಿಂತರೂ ಅದು ತೂಗುತ್ತಲೇ ಇರುತ್ತದೆ. ಅದು 170 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 170 ಸಲ ತೂಗಿದರೆ ಒಂದು ಆವರ್ತಕ್ಕೆ ಸುಮಾರು 6 ಮಿಲಿಸೆಕೆಂಡ್. ಎರಡೇ ಆವರ್ತ ಕೊಟ್ಟು, ಕೂಡಲೇ ವಿರುದ್ಧ ಫೇಸಿನಲ್ಲಿ, ಅಂದರೆ ತೂಗಾಟಕ್ಕೆ ಎದುರಾಗಿ ತಳ್ಳಿ ಬ್ರೇಕ್ ಹಾಕಿ. ಬಿಸಿಲಿಗೆ ಕಾದ ಕಾರಿನಲ್ಲಿ ಅನುರಣನ ಆವರ್ತನ (ಮೋಟರ್ ಅತಿ ಸಲೀಸಾಗಿ ತೂಗುವ ವೇಗ) ಜರುಗುತ್ತದೆ, ಆದ್ದರಿಂದ ಅದನ್ನು ತಾನೇ ಹಿಂಬಾಲಿಸುವ, ಮೋಟರನ್ನು ನಡೆಸುವ ಡ್ರೈವರ್ ಚಿಪ್ ಬೇಕು.

ಮೋಟರನ್ನು ವೀಲ್‌ನ ಚೌಕಟ್ಟಿಗೆ ಬಿಗಿದಿದ್ದೀರಾ? ಹಾಗಿದ್ದರೆ ಇಡೀ ಸ್ಟೀರಿಂಗನ್ನೇ ಅಲುಗಾಡಿಸುತ್ತಿದ್ದೀರಿ. ಅದನ್ನು ಟಚ್ ಫಲಕಕ್ಕೇ ಅಂಟಿಸಿ, ಫಲಕವನ್ನು ಸಿಲಿಕೋನ್ ಬುಷ್‌ಗಳ ಮೇಲೆ ತೇಲಿಸಿ: ಒತ್ತುವ ದಿಕ್ಕಿನಲ್ಲಿ ಬಿಗಿ, ಅಡ್ಡಕ್ಕೆ ಸಡಿಲ. ಕಂಪನ ಅಡ್ಡಕ್ಕೇ ಇರಲಿ. ಅಷ್ಟು ವೇಗದ ಕಂಪನದ ದಿಕ್ಕು ಬೆರಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಬಲದ ಸೆನ್ಸರಿಗೂ ಕಿರಿಕಿರಿ ತಪ್ಪುತ್ತದೆ.

ಮರುಪ್ರಶ್ನೆ: ಬಲದ ಮಿತಿ 2 ನ್ಯೂಟನ್ ಸಾಕೇ? ಹಗುರವಾಗಿದ್ದಷ್ಟೂ ಚೆಂದ ಎನ್ನುವುದು ಸ್ಟೈಲಿಂಗ್ ತಂಡದ ವಾದ.

ಉತ್ತರ: ಸಾಲದು. ಫಲಕ 60 ಗ್ರಾಂ ಇದೆ ಎಂದುಕೊಳ್ಳಿ. ಕಾರಿನ ಚಕ್ರ ಗುಂಡಿಗೆ ಬಿದ್ದು ಸ್ಟೀರಿಂಗ್ 3 ಜಿ (ಗುರುತ್ವದ ಮೂರು ಪಟ್ಟು) ಕುಲುಕಿದರೆ ಫಲಕದ ಜಡತ್ವವೇ ಸುಮಾರು 1.8 ನ್ಯೂಟನ್ ಒತ್ತುತ್ತದೆ. ಅದರ ಮೇಲೆ ಹೆಬ್ಬೆರಳು ಸುಮ್ಮನೆ ಒರಗಿದ್ದರೂ ಮುಗಿಯಿತು, ರಸ್ತೆಯ ಗುಂಡಿ ಸ್ಟೀರಿಂಗಿನ ಗುಂಡಿ ಒತ್ತಿಬಿಡುತ್ತದೆ! ಒತ್ತಲು 3.5, ಬಿಡಲು 2 ನ್ಯೂಟನ್‌ನಿಂದ ಶುರುಮಾಡಿ. ಎರಡೂ ಒಂದೇ ಆದರೆ ಮಿತಿಯ ಅಂಚಿನಲ್ಲಿ ಟಕಟಕ ಶುರುವಾಗುತ್ತದೆ. ಫಲಕದ ತೂಕ ಇಳಿಸಿದಷ್ಟೂ ಮಿತಿಯನ್ನೂ ಇಳಿಸಬಹುದು. ಸ್ಟೈಲಿಂಗ್ ತಂಡಕ್ಕೆ ಅದನ್ನೇ ಹೇಳಿ.

ಇನ್ನೊಬ್ಬರ ಪ್ರಶ್ನೆ: ಕಂಪನದ ಆದೇಶ ಬಾಡಿ ಕಂಟ್ರೋಲರ್‌ನಿಂದ, ಅಂದರೆ ದೀಪ, ಬಾಗಿಲು ನೋಡಿಕೊಳ್ಳುವ ಕಾರಿನ ಕಂಪ್ಯೂಟರಿನಿಂದ ಬಂದರೆ?

ಉತ್ತರ: ಬೇಡ. ವೀಲ್‌ಗೂ ಅದಕ್ಕೂ ನಡುವೆ ಸಂದೇಶ ಸಾಗಿಸುವ ತಂತಿಜಾಲ ಲಿನ್ ಬಸ್ ಆಗಿದ್ದರೆ, ಅದರ ಗರಿಷ್ಠ ವೇಗ ಸೆಕೆಂಡಿಗೆ 20 ಕಿಲೋಬಿಟ್, ಅದೂ ಸರದಿಯ ಪ್ರಕಾರ. ಹೋಗಿ ಬರುವಷ್ಟರಲ್ಲಿ ಬೆರಳು ಎದ್ದಿರುತ್ತದೆ. ಟಕ್ ಅನ್ನಿಸುವ ನಿರ್ಧಾರ ವೀಲ್ ಒಳಗಿನ ಮೈಕ್ರೋಕಂಟ್ರೋಲರಿನಲ್ಲೇ ಆಗಲಿ, ಬಸ್‌ನಲ್ಲಿ ಫಲಿತಾಂಶ ಮಾತ್ರ ಹೋಗಲಿ.

ಮತ್ತೊಂದು ಪ್ರಶ್ನೆ: ಹಾರ್ನ್, ಇಂಡಿಕೇಟರ್ ಕೂಡ ಟಚ್ ಮಾಡಬಹುದೇ?

ಉತ್ತರ: ಮಾಡಬೇಡಿ. ಗಾಬರಿಯಲ್ಲಿ ಕೈ ನೋಡಿ ಒತ್ತುವುದಿಲ್ಲ, ಗುದ್ದುತ್ತದೆ. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಕೂಡ 2026ರ ನಿಯಮಗಳಲ್ಲಿ ಇವೆರಡಕ್ಕೂ ಭೌತಿಕ ನಿಯಂತ್ರಣವನ್ನೇ ಬಯಸುತ್ತದೆ. ಫೋಕ್ಸ್‌ವ್ಯಾಗನ್ ಅಂತೂ ಸ್ಟೀರಿಂಗಿನ ಟಚ್ ಬಿಟ್ಟು ನಿಜವಾದ ಬಟನ್‌ಗಳಿಗೆ ಮರಳುವುದಾಗಿ 2022ರಲ್ಲೇ ಹೇಳಿತು. ವಾಲ್ಯೂಮ್, ಹಾಡು ಬದಲಿಸುವಂಥವಕ್ಕೆ ಟಚ್ ಇಟ್ಟುಕೊಳ್ಳಿ. ಅಲ್ಲೂ ಬಟನ್‌ಗಳ ನಡುವೆ ಅರ್ಧ ಮಿಲಿಮೀಟರ್‌ನಷ್ಟಾದರೂ ಎತ್ತರದ ಏಣು ಇರಲಿ, ಹೆಬ್ಬೆರಳು ತಡವಿಯೇ ಜಾಗ ಹುಡುಕಲಿ.