ಅಪ್‌ಡೇಟ್: ಇಲಿ ಕಕ್ಕುತ್ತಿದ್ದ ಬಾಲ್ ಪೈಥಾನ್

ಹುಬ್ಬಳ್ಳಿಯಿಂದ ಕೇಳಿದ್ದೆ: ನಾನು ಸಾಕಿರುವ ಬಾಲ್ ಪೈಥಾನ್ (ಆಫ್ರಿಕಾ ಮೂಲದ ಪುಟ್ಟ ಹೆಬ್ಬಾವು) ಇಲಿ ನುಂಗಿ ಮೂರನೇ ದಿನಕ್ಕೆ ಕಕ್ಕುತ್ತೆ, ಯಾಕೆ? ತಪ್ಪು ಇಲಿಯದಲ್ಲ, ಕಾವಿನದು. ಡಿಸೆಂಬರ್ ರಾತ್ರಿ ಗೂಡಿನ ಬೆಚ್ಚನೆ ಮೂಲೆ 24 ಡಿಗ್ರಿಗೆ ಇಳಿದಿತ್ತು. ತಂಪಿಗೆ ಜೀರ್ಣಶಕ್ತಿ ಕುಗ್ಗಿ ಇಲಿ ಒಳಗೇ ಕೊಳೆಯುತ್ತದೆ. ಥರ್ಮೋಸ್ಟಾಟ್ (ಕಾವು ಕಾಯುವ ಸ್ವಿಚ್) 32ಕ್ಕೆ ಇಟ್ಟು, ಎರಡು ವಾರ ಬರೀ ನೀರು, ಆಮೇಲೆ ಅರ್ಧ ಗಾತ್ರದ ಇಲಿ. ಈ ಸಲ ಇಲಿ ಹೊಟ್ಟೆಯಲ್ಲೇ ಉಳೀತು.

ಹಾವಿಗೆ ಕೊಡುವ ಫ್ರೋಜನ್ ಇಲಿಯನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕರಗಿಸಿ, ಕವರಿನಲ್ಲಿ ಕಟ್ಟಿ ಬಿಸಿನೀರಿಗೆ ಇಳಿಬಿಟ್ಟು 38 ಡಿಗ್ರಿಗೆ ತನ್ನಿ. ಹೊಟ್ಟೆ ಒತ್ತಿದಾಗ ಗಟ್ಟಿ ಸಿಕ್ಕರೆ ಒಳಗಿನ್ನೂ ಮಂಜಿದೆ. ಮೈಕ್ರೋವೇವ್ ಬೇಡ, ಒಡೆಯುತ್ತೆ. ಗೋದಾಮಿನ ಇಲಿ ಬೇಡವೇ ಬೇಡ, ಪಾಷಾಣ ತಿಂದಿರಬಹುದು. ಬರೀ ಚಿಕನ್ ತುಂಡಿನಲ್ಲಿ ಎಲುಬಿನ ಕ್ಯಾಲ್ಸಿಯಂ ಇಲ್ಲ. ಪಂಚಮಿ ಹಾಲು? ಉಂಡಿ ನಮಗಿರಲಿ, ಹಾಲು ಹಾವಿಗೆ ದಕ್ಕಲ್ಲ.