ಮಗುವಿನ ಕಿಡ್ನಿ ಗಡ್ಡೆ: ಬಯಾಪ್ಸಿ ಬಂದಮೇಲೆ ಹೆಸರು ಬದಲಾಗಿದ್ದು ಯಾಕೆ?

ಪ್ರಶ್ನೆ (ಸಿಂಧನೂರು):
ಮೇಡಂ, ನಮ್ಮ ಅಕ್ಕನ ಮಗನಿಗೆ 3 ವರ್ಷ. ಗಡ್ಡೆ ಇದೆ ಅಂತ ಬಲಗಡೆ ಕಿಡ್ನಿ ತೆಗೆದರು. ಮೊದಲು ‘ವಿಲ್ಮ್ಸ್’ ಇರಬೇಕು ಅಂದಿದ್ದರು. ಈಗ ರಿಪೋರ್ಟ್‌ನಲ್ಲಿ ‘ಕ್ಲಿಯರ್ ಸೆಲ್ ಸಾರ್ಕೋಮಾ’ ಅಂತ ಬಂದಿದೆ. ಮೊದಲು ಹೇಳಿದ್ದು ತಪ್ಪಾ?

ಉತ್ತರ (ಪೆಥಾಲಜಿಸ್ಟ್, ಬಳ್ಳಾರಿ):
ತಪ್ಪಲ್ಲ ತಮ್ಮಾ. ಎರಡೂ ಮಕ್ಕಳ ಕಿಡ್ನಿಗೆ ಬರುವ ಕ್ಯಾನ್ಸರ್ ಗಡ್ಡೆಗಳೇ, ಸ್ಕ್ಯಾನ್‌ನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮಕ್ಕಳ ಕಿಡ್ನಿ ಗಡ್ಡೆಗಳಲ್ಲಿ ಬಹುಪಾಲು ವಿಲ್ಮ್ಸ್ ಆಗಿರೋದರಿಂದ ಮೊದಲು ಆ ಹೆಸರೇ ಬಾಯಿಗೆ ಬರುತ್ತದೆ. ಈಗ ಬಂದಿರುವ ಕ್ಲಿಯರ್ ಸೆಲ್ ಸಾರ್ಕೋಮಾ ನೂರಕ್ಕೆ 2ರಿಂದ 5 ಅಷ್ಟೇ.

ಮೈಕ್ರೋಸ್ಕೋಪ್‌ನಲ್ಲಿ ಇಟ್ಟಾಗಲೇ ವ್ಯತ್ಯಾಸ ಗೊತ್ತಾಗುವುದು. ವಿಲ್ಮ್ಸ್‌ನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಜೀವಕೋಶ ಕಲೆತಿರುತ್ತವೆ. ಇದರಲ್ಲಿ ಎಲ್ಲ ಒಂದೇ ಬಗೆ, ಗುಂಪು ಗುಂಪಾಗಿ. ನಡುವೆ ಬಲೆ ಹೆಣೆದ ಹಾಗೆ ಸಣ್ಣ ರಕ್ತನಾಳಗಳು. ನೋಡೋಕೆ ಜೀವಕೋಶ ತುಂಬಾ ಸಾಧು, ಅದೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಬೇರೆ ಗಡ್ಡೆಗಳ ವೇಷವನ್ನೂ ಹಾಕುತ್ತದೆ. ಅದಕ್ಕೇ ‘ಸೈಕ್ಲಿನ್ ಡಿ1’, ‘ಬಿಕೋರ್’ ಅನ್ನೋ ಬಣ್ಣದ ಪರೀಕ್ಷೆ ಮಾಡುತ್ತೇವೆ. ಜೀವಕೋಶದಲ್ಲಿ ‘ಐಎನ್‌ಐ1’ ಅನ್ನೋ ಪ್ರೋಟೀನ್ ಉಳಿದಿದ್ದರೆ ರ‍್ಯಾಬ್ಡಾಯ್ಡ್ ಅನ್ನುವ ಇನ್ನೂ ಕೆಟ್ಟ ಗಡ್ಡೆಯನ್ನು ಬಹುತೇಕ ಬದಿಗಿಡಬಹುದು.

ಹೆಸರಿನ ಮೇಲೆ ಔಷಧ ನಿಂತಿದೆ. ಶುರುವಿನ ಹಂತದ ವಿಲ್ಮ್ಸ್‌ಗೆ ಎಷ್ಟೋ ಸಲ ಎರಡೇ ಔಷಧ ಸಾಕು. ಇದಕ್ಕೆ ಡಾಕ್ಸೊರುಬಿಸಿನ್ ಅನ್ನೋ ಕೀಮೋ ಔಷಧ ಬೇಕೇ ಬೇಕು. ಅದು ಬಂದಮೇಲೆ ಉಳಿಯುವ ಮಕ್ಕಳು ತುಂಬಾ ಜಾಸ್ತಿಯಾದರು. ಈ ಗಡ್ಡೆ ಮೂಳೆಗೂ ಮಿದುಳಿಗೂ ಹೋಗಬಲ್ಲದು, ಆ ಸ್ಕ್ಯಾನ್‌ಗಳನ್ನು ಬಿಡಬೇಡಿ. ವರ್ಷಗಳ ಮೇಲೂ ಮರುಕಳಿಸಬಹುದು. ಹುಡುಗ ಗಟ್ಟಿಮುಟ್ಟಾಗಿದ್ದಾನೆ ಅಂತ ತಪಾಸಣೆ ನಿಲ್ಲಿಸಬೇಡಿ.

ಪ್ರಶ್ನೆ:
ಬಸುರಿಯಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೇ ಹೀಗಾಯಿತು ಅಂತ ಮನೆಯಲ್ಲಿ ಅಕ್ಕನನ್ನೇ ಅಂತಿದ್ದಾರೆ ಮೇಡಂ. ಇನ್ನೊಂದು ಮಗು ಚಿಕ್ಕದಿದೆ, ಅದಕ್ಕೂ ಬರುತ್ತಾ?

ಉತ್ತರ:
ಅಕ್ಕನಿಗೆ ಈಗಲೇ ಫೋನ್ ಮಾಡಿ ಹೇಳಿ, ಅವರ ತಪ್ಪು ಎಳ್ಳಷ್ಟೂ ಇಲ್ಲ. ಹೆಚ್ಚಿನ ಮಕ್ಕಳಲ್ಲಿ ಗಡ್ಡೆಯ ಜೀವಕೋಶದೊಳಗೆ ಬಿಕೋರ್ ಜೀನ್‌ನ ಒಂದು ತುಂಡು ಎರಡು ಸಲ ಬರೆದ ಹಾಗೆ ಆಗಿರುತ್ತದೆ. ಅದು ಆ ಗಡ್ಡೆಯಲ್ಲಿ ಮಾತ್ರ. ತಾಯಿತಂದೆಯಿಂದ ಬಂದದ್ದಲ್ಲ, ಗ್ರಹಣದಿಂದಲೂ ಅಲ್ಲ. ಮನೆಯಲ್ಲಿ ಇನ್ನೊಂದು ಮಗುವಿಗೆ ಬರುವ ರೋಗ ಇದಲ್ಲ.

ಬೆಂಗಳೂರಿಗೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾದರೆ ಬರೀ ಕಾಗದ ಒಯ್ಯಬೇಡಿ. ಲ್ಯಾಬ್‌ನಲ್ಲಿ ಸ್ಲೈಡ್, ಗಡ್ಡೆಯ ತುಂಡು ಹುದುಗಿಸಿಟ್ಟ ಮೇಣದ ಬ್ಲಾಕ್ ಎರಡೂ ಕೇಳಿ ತೆಗೆದುಕೊಳ್ಳಿ. ಅಲ್ಲಿಯವರು ಇನ್ನೊಮ್ಮೆ ನೋಡಲಿ. ನಮ್ಮ ಕಡೆ ಬಿಸಿಲು ಗೊತ್ತಲ್ವಾ, ನಿಲ್ಲಿಸಿದ ಕಾರಿನಲ್ಲಿ ಬ್ಲಾಕ್ ಇಟ್ಟರೆ ಮೇಣ ಮೆತ್ತಗಾಗುತ್ತದೆ. ಕೈಚೀಲದಲ್ಲೇ ಇಟ್ಟುಕೊಳ್ಳಿ.